ಬಾತುಕೋಳಿಗೂ ಗಂಟೆ

ಸೇಬಿನ ಕೇಕನ್ನು ಕಾಫಿ ಕೋಣೆಯ ಮೇಜಿನ ಮೇಲಿಟ್ಟು ವೀಬೆ, "ಇವತ್ತು ಆಲಿಯ ಹುಟ್ಟುಹಬ್ಬ" ಎಂದ. ಪ್ರಯೋಗಾಲಯದ ಮರ್ಲೂಸ್ ಕೈಕುಲುಕಲು ಮುಂದೆ ಬಂದವಳು, ಕೈಯನ್ನು ಅರ್ಧಕ್ಕೇ ಹಿಂದೆಳೆದುಕೊಂಡಳು. ಡಚ್ಚರ ಪದ್ಧತಿಯಲ್ಲಿ ಹುಟ್ಟುಹಬ್ಬದವರು ತಾವೇ ಕೇಕು ತಂದು ಹಂಚಬೇಕು, ಉಳಿದವರು ಅವರ ಗಂಡ, ಅತ್ತೆ, ನಾದಿನಿ ಎಲ್ಲರಿಗೂ ಅಭಿನಂದನೆ ಹೇಳಬೇಕು. ಉಟ್ರೆಕ್ಟಿನ ಜನ ಕೊಲೆಯನ್ನಾದರೂ ಮರೆತಾರು, ಇದನ್ನು ತಪ್ಪಿದವರನ್ನು ಮರೆಯರು. ಆದರೆ ವೀಬೆಯ ಹೆಂಡತಿ ಆಲಿ ತೀರಿಕೊಂಡು ಎರಡು ವರ್ಷವಾಗಿತ್ತು.

"ಲ್ಯಾಬಿನೊಳಗೆ ತಿಂಡಿ ತರೋ ಹಾಗಿಲ್ಲ" ಎಂದಳು ಮರ್ಲೂಸ್, ಏನಾದರೂ ಹೇಳಬೇಕಲ್ಲ ಎಂದು.

"ಸರಿ ಹೋಯ್ತು. ಹುಟ್ಟುಹಬ್ಬದವಳು ಒಳಗೆ, ಕೇಕು ಹೊರಗೆ."

ಎಷ್ಟು ಜನಕ್ಕೆ ಎಂದು ನಿನ್ನೆ ಬೇಕರಿಯವಳು ಕೇಳಿದಾಗ ಉತ್ತರ ತೋಚದೆ ಅವನು ದೊಡ್ಡದನ್ನೇ ಕೊಂಡಿದ್ದ. ಭಾನುವಾರವಾದ್ದರಿಂದ ಪ್ರಯೋಗಾಲಯದಲ್ಲಿ ಇದ್ದವರು ಅವರಿಬ್ಬರೇ. ಆಲಿ ಬದುಕಿದ್ದಾಗ ಅವಳ ಕರುಳಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು, ಅದರಿಂದ ಪುಟ್ಟ ಕರುಳುಗಳನ್ನು ಇಲ್ಲಿ ಬೆಳೆಸಿದ್ದರು. ಆಲಿ ಹೋದಳು, ಅವು ಉಳಿದವು. ವೀಬೆ ಬಂದದ್ದು ಅವನ್ನು ಎಸೆಯಿರಿ ಎಂದು ಹೇಳುವುದಕ್ಕೆ. ಹೆಂಡತಿ ಬಹುಪಾಲು ಮಣ್ಣಿನಲ್ಲಿ, ಮಿಕ್ಕಿದ್ದು ಗಾಜಿನ ತಟ್ಟೆಯಲ್ಲಿ ಎನ್ನುವುದು ಅವನಿಗೆ ಸರಿಕಂಡಿರಲಿಲ್ಲ. ನೀವು ಬೇಡವೆಂದರೆ ಎಸೆಯುತ್ತೇವೆ, ಆದರೆ ಒಮ್ಮೆ ನೋಡಿ ಆಮೇಲೆ ಹೇಳಿ ಎಂದು ಮರ್ಲೂಸ್ ಫೋನಿನಲ್ಲಿ ಬೇಡಿಕೊಂಡಿದ್ದಳು.

ಒಳಗೆ ಹೋಗಿ ವೀಬೆ ಬಗ್ಗಿ ನೋಡಿದಾಗ ಸೂಕ್ಷ್ಮದರ್ಶಕದಲ್ಲಿ ಸೋಪಿನ ಗುಳ್ಳೆಗಳಂಥ ಪೊಳ್ಳು ಉಂಡೆಗಳು ಕಂಡವು.

"ಇದಾ?"

"ಇದೇ. ಗೋಡೆ ನೋಡಿ, ಒಂದೇ ಒಂದು ಜೀವಕೋಶದಷ್ಟು ದಪ್ಪ."

"ಊಟಕ್ಕೇನು ಹಾಕ್ತೀಯ?"

"ಸಕ್ಕರೆ, ಉಪ್ಪು, ಇನ್ನೂ ಏನೇನೋ ಇರೋ ನೀರು. ಅದಕ್ಕೇ ಭಾನುವಾರಾನೂ ಬರ್ತೀನಿ."

"ಮನೇಲಿ ಯಾರೂ ಕಾಯಲ್ವಾ?"

"ಬೆಕ್ಕಿತ್ತು" ಎಂದಳು ಮರ್ಲೂಸ್.

ವೀಬೆ ಕಣ್ಣು ಮೇಲೆತ್ತಲಿಲ್ಲ. "ಇವಳಿಗೇನಾಗಿತ್ತು ಅಂತ ಡಾಕ್ಟರುಗಳು ಎಷ್ಟೋ ಸಲ ಹೇಳಿದ್ರು, ನನ್ನ ತಲೆಗೆ ಹೋಗಲಿಲ್ಲ. ನಾನು ಕಾಲುವೆ ಸೇತುವೆ ಕಾಯ್ತಿದ್ದೋನು. ದೋಣಿ ಬಂದ್ರೆ ಗಂಟೆ ಬಾರಿಸಿ ಸೇತುವೆ ಎತ್ತೋದು, ಹೋದ್ರೆ ಇಳಿಸೋದು. ಅಷ್ಟರಲ್ಲೇ ಹೇಳು, ನೋಡೋಣ."

"ಇವೂ ನಿಮ್ಮ ಕಸುಬಿನವೇ. ಕರುಳಲ್ಲಿ ದಿನಾ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಈ ಗೋಡೆಗೆ ಮೈ ಉಜ್ಜಿಕೊಂಡು ಹೋಗ್ತಾವೆ. ಬಹಳಷ್ಟು ಪಾಪದವು, ಏನೂ ಮಾಡಲ್ಲ. ಯಾವುದಕ್ಕೆ ಗಂಟೆ ಬಾರಿಸಬೇಕು, ಯಾವುದಕ್ಕೆ 'ಏನಿಲ್ಲ, ಸುಮ್ಮನಿರಿ' ಅನ್ನಬೇಕು ಅಂತ ಗೋಡೇನೇ ತೀರ್ಮಾನ ಮಾಡುತ್ತೆ. ಆಲಿಯವರ ಗೋಡೆ ಮಾತ್ರ…"

"ಬಾತುಕೋಳಿ ಬಂದ್ರೂ ಗಂಟೆ."

"ಹೂಂ. ಗಂಟೆ ಕೇಳಿ ರಕ್ತದಲ್ಲಿರೋ ಕಾವಲುಗಾರರು ಓಡಿ ಬರ್ತಾರೆ. ಕಳ್ಳ ಸಿಗದಿದ್ರೆ ಮನೆಗೇ ಬೆಂಕಿ ಇಡ್ತಾರೆ. ಉರಿಯೂತ ಅಂದ್ರೆ ಅದೇ."

ವೀಬೆ ಮೂಗಿನಲ್ಲೇ ನಕ್ಕ. "ಅವಳೇ ಕಣಮ್ಮ, ಅನುಮಾನವೇ ಇಲ್ಲ. ಕಿಟಕಿ ಮುಂದೆ ಒಂದು ಸೈಕಲ್ ನಿಂತ್ರೆ ಸಾಕು, ಮಹಡಿಯಿಂದ ಕೂಗು: 'ವೀಬೇ, ಯಾರು ನೋಡು!' ನಾನು ಬಾಗಿಲು ತೆಗೆದು ನೋಡಿ, ಮೆಟ್ಟಿಲು ಹತ್ತಿ ಹೋಗಿ 'ಯಾರೂ ಇಲ್ಲ' ಅನ್ನಬೇಕು. ಕೆಳಗಿನಿಂದಲೇ ಹೇಳಿದ್ರೆ ನಂಬ್ತಿರಲಿಲ್ಲ." ಮಸೂರದಿಂದ ಕಣ್ಣು ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿದ. "ಈಗಲಾದ್ರೂ ಸುಮ್ಮನಿದಾಳಾ?"

ಹೌದು ಎಂದುಬಿಟ್ಟರೆ ಮುದುಕ ಸಮಾಧಾನದಿಂದ ಮನೆಗೆ ಹೋಗುತ್ತಿದ್ದ. ಆದರೆ ಮರ್ಲೂಸ್‌ಗೆ ಅಳತೆ ಮಾಡಿದ್ದನ್ನು ಬಿಟ್ಟು ಬೇರೆ ಹೇಳಿ ಅಭ್ಯಾಸವಿರಲಿಲ್ಲ.

"ಇಲ್ಲ. ಹಳೇ ಚಾಳಿ ಬಿಟ್ಟಿಲ್ಲ. ತಟ್ಟೆಯಿಂದ ತೆಗೆದ ನಿನ್ನೆಯ ನೀರನ್ನ ಪರೀಕ್ಷೆ ಮಾಡಿದೆ. ಕಾವಲುಗಾರರನ್ನ ಕರೀತಾನೇ ಇವೆ."

"ಕರೆದ್ರೆ ಯಾರು ಬರ್ತಾರೆ?"

"ಯಾರೂ ಬರಲ್ಲ. ತಟ್ಟೇಲಿ ಇರೋದು ಗೋಡೆ ಮಾತ್ರ. ಕಾವಲುಗಾರರೆಲ್ಲ ಅವರ ಜೊತೇಲೇ ಹೋದರು."

ವೀಬೆ ಮಸೂರಕ್ಕೆ ಮತ್ತೆ ಕಣ್ಣಂಟಿಸಿದ. ಎಸೆಯಿರಿ ಎಂಬ ಮಾತು ಇನ್ನೇನು ಬರುತ್ತದೆಂದು ಮರ್ಲೂಸ್ ಕೈಗವಸಿನ ಬೆರಳು ಎಳೆಯುತ್ತ ನಿಂತಳು.

"ಬೇರೆ ರಕ್ತ ಕೊಟ್ರೆ ಅದರೊಳಗಿನ ಕಾವಲುಗಾರರು ಹೋಗ್ತಾರಾ?"

"ಹೋಗ್ತಾರೆ. ನೀವು ಬೇಡ ಅನ್ನದಿದ್ರೆ ನಾನು ಮುಂದೆ ಮಾಡಬೇಕು ಅಂತಿದ್ದಿದ್ದೂ ಅದೇ. ಆದ್ರೆ ಅದು ಆಲಿಯವರದ್ದೇ ರಕ್ತ ಆಗಿದ್ರೆ ಚೆನ್ನಾಗಿತ್ತು. ಬೇರೆಯವರದ್ದಾದ್ರೆ ಹೋದೋರು ಇವಳು ಯಾರೋ ಪರಕೀಯಳು ಅಂತ ಜಗಳಕ್ಕೇ ನಿಲ್ತಾರೆ."

ವೀಬೆ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ. ತೋಳಿನ ಗುಂಡಿ ಬಿಚ್ಚಿ, ಇಸ್ತ್ರಿ ಕಾಣದ ಅಂಗಿಯನ್ನು ಮೊಣಕೈ ಮೇಲಿನವರೆಗೂ ಮಡಿಸಿದ.

"ಜಗಳ ಏನಮ್ಮ, ಮದುವೆಯಾದ ದಿನದಿಂದಲೂ ನಡೀತಿತ್ತು" ಎಂದು ಕೈ ಚಾಚಿದ. "ಆದ್ರೆ ಕರೆದಾಗ ಹೋಗ್ತಿದ್ದೆ. ತಗೋ."