ಅಜ್ಜಿ ದೇವರನ್ನು ಬೈದ ಮಧ್ಯಾಹ್ನ

ಹೊಂಗೆ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಬರಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ತೀರಿಕೊಂಡು ಹದಿನೈದು ದಿನವಾಗಿತ್ತು. ಅಜ್ಜಿ ಜಿಡ್ಡುಗಟ್ಟಿದ ದೀಪವನ್ನು ಬೂದಿಯಿಂದ ಉಜ್ಜಿ, ಎಣ್ಣೆ ಹಾಕಿ ಹಚ್ಚಿದಳು. ಆಮೇಲೆ ಗೂಡಿನಲ್ಲಿದ್ದ ಶಿವನ ಪಟದ ಮುಂದೆ ಕೂತು ಮೆಲ್ಲಗೆ ಬೈಯತೊಡಗಿದಳು.

"ಮುದುಕಿ ನಾನಿರ್ಲಿಲ್ವಾ? ನನ್ ಮಗ್ಳೇ ಬೇಕಾಗಿತ್ತಾ ನಿಂಗೆ?"

ನನಗೆ ಭಯವಾಯಿತು. "ದೇವ್ರನ್ನ ಬೈದ್ರೆ ಪಾಪ ಬರಲ್ವಾ ಅಜ್ಜಿ?" ಎಂದೆ.

"ಇನ್ಯಾರ್ನ ಬಯ್ಲಿ ಕಣಮ್ಮ? ನಿಮ್ಮಪ್ಪನ್ನ ಬೈದ್ರೆ ಎದ್ದೋಗ್ತಾನೆ. ಇವ್ನು ಎಷ್ಟು ಬೈದ್ರೂ ಕೇಳ್ಕಂಡು ಕುಂತಿರ್ತಾನೆ."

"ನಾನೂ ಬಯ್ಲಾ?"

ಅಜ್ಜಿ ಸ್ವಲ್ಪ ಸರಿದು ಜಾಗ ಕೊಟ್ಟಳು. "ಬಯ್ಯಿ."

ನಾನು ಅವಳ ಪಕ್ಕ ಕೂತು ಬಾಯಿ ತೆರೆದೆ. ಬೈಗುಳ ಒಂದೂ ಬರಲಿಲ್ಲ. ಅಮ್ಮ ಹೋದ ಮೇಲೆ ಮೊದಲ ಸಲ ಅಳು ಬಂತು. ಅಜ್ಜಿ ನನ್ನ ಬೆನ್ನು ಸವರುತ್ತಾ ಕೂತಿದ್ದಳು.