ಊದಿನಕಡ್ಡಿ

"ಏನೋ ವಾಸನಿ ಬರಾಕತ್ತೈತಿ ಶಿವಯೋಗಿ, ಒಂದ್ ಊದಿನಕಡ್ಡಿ ಹಚ್ಚು," ಎಂದಳು ಶಾಸಕಿ ಶಾಂಭವಿ, ಬರೆಯುತ್ತಿದ್ದ ಪತ್ರದಿಂದ ತಲೆ ಎತ್ತದೆ. ಒಂದು ಅಂದರೆ ನಾಲ್ಕು ಮಾಡುವ ಸಹಾಯಕ ಅವನು. ನಾಲ್ಕು ಹಚ್ಚಿ ಮೇಜಿನ ಮೂಲೆಗೆ ಸಿಕ್ಕಿಸಿದ.

ಲಕ್ಷ್ಮೇಶ್ವರದ ಆ ಕಚೇರಿಯಲ್ಲಿ ಸೋಮವಾರ ಬಂತೆಂದರೆ ಉಸಿರಾಡಲು ಜಾಗವಿರುವುದಿಲ್ಲ. ಕೊಳವೆಬಾವಿ ಕೇಳುವವರು, ವರ್ಗಾವಣೆ ಕೇಳುವವರು, ಸುಮ್ಮನೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವವರು. ಅವರ ನಡುವೆ ಕೋಲೂರಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಆಗಲೇ ಕುಳಿತಿದ್ದವನು ಶಿರಹಟ್ಟಿಯ ಅಬ್ದುಲಗನಿ, ಹತ್ತಿ ಹಿಂಜಿ ಗಾದಿ ಹೊಲಿಯುವ ಮುದುಕ. ಅವನ ಕಾಲು ಮೇಜಿನ ಮರೆಯಲ್ಲಿತ್ತು.

"ಏನಾಗಬೇಕ್ರಿ ಅಜ್ಜಾ?"

"ಕಾಲು ತೋರಸಾಕ ಬಂದೇನವಾ."

"ಗದಗಿನ ದವಾಖಾನಿಗೆ ಚೀಟಿ ಕೊಡ್ತೇನಿ. ತೋರಿಸಿದ್ರ ಜಲ್ದಿ ನೋಡ್ತಾರ." ಮಾತು ಮುಗಿಯುವುದರೊಳಗೆ ಕೈ ಸಹಿಯನ್ನೂ ಮಾಡಿತ್ತು.

"ಚೀಟಿ ತಗೊಂಡ್ ಏನ್ ಮಾಡ್ಲಿ? ನೀ ಕಟ್ಟಿದ ಪಟ್ಟಿ ನೀನ ಬಿಚ್ಚಬೇಕಲ್ಲ."

ಪೆನ್ನು ನಿಂತಿತು. ಶಿರಹಟ್ಟಿಯ ಆರೋಗ್ಯ ಶಿಬಿರ ನೆನಪಾಯಿತು. ದಬ್ಬಣ ಚುಚ್ಚಿದ ಕಾಲು, ಸಕ್ಕರೆ ಕಾಯಿಲೆ. ಇಪ್ಪತ್ನಾಲ್ಕು ವರ್ಷ ನರ್ಸಾಗಿ ದುಡಿದವಳು ಶಾಸಕಿಯಾದ ಮೇಲೂ ನೆಲಕ್ಕೆ ಕೂತು ಗಾಯ ತೊಳೆಯುತ್ತಾಳೆಂದು ಫೋನುಗಳೆಲ್ಲ ಮೇಲೆದ್ದಿದ್ದವು. "ನಿನ್ನ ಹತ್ತಿ ಬರೇ ಗಂಟು ಐತವ್ವ, ಮುಂದಿನ ಸಲ ನಾ ತರತೇನಿ," ಎಂದು ಮುದುಕ ಚೇಷ್ಟೆ ಮಾಡಿದ್ದ. ಮಂದಿ ನಕ್ಕಿತ್ತು. ಆ ನಗೆಯ ಹುರುಪಿನಲ್ಲಿ ಅವಳು, "ಈ ಪಟ್ಟಿ ನಾನ ಕಟ್ಟೇನಿ, ನಾನ ಬಂದು ಬಿಚ್ಚತೇನಿ. ಬ್ಯಾರೇದವರ ಕೈ ಹಚ್ಚಿಸಬ್ಯಾಡ್ರಿ," ಎಂದಿದ್ದಳು. ಚಪ್ಪಾಳೆ ಬಿದ್ದಿತ್ತು. ಆಮೇಲೆ ಅಧಿವೇಶನ, ಭೂಮಿಪೂಜೆ, ಮದುವೆಗಳು.

"ಇಷ್ಟ್ ದಿನ ಯಾರಿಗೂ ತೋರಿಸಿಲ್ಲೇನು?"

"ಆಶಾ ಹುಡುಗಿ ಎರಡ ಸಲ ಬಂದಿದ್ಲು, ಬಿಚ್ಚತೇನಿ ಅಂತ. ನಾ ಬಿಡ್ಲಿಲ್ಲ. ಎಮ್ಮೆಲ್ಲೆ ಮಾತು ಕೊಟ್ಟಾಳ, ನಿನ್ನ ಕೈಯಾಗ ಹೆಂಗ ಕೊಡ್ಲಿ ಅಂದೆ. ನೀರು ಸೈತ ತಾಗಿಸಿಲ್ಲ ನೋಡು."

"ನೋವು?"

"ನೋವೆಲ್ಲೈತಿ? ಎಂಟು ದಿನದಿಂದ ಏನೂ ಗೊತ್ತಾಗೂದಿಲ್ಲ. ನಿನ್ನ ಕೈಗುಣ."

ಶಾಂಭವಿ ಎದ್ದಳು. ಸಕ್ಕರೆಯವರ ಗಾಯ ಉರಿದರೆ ಹೆದರಬೇಡಿ, ಉರಿಯದಿದ್ದರೆ ಹೆದರಿ ಎಂದು ಹೊಸ ನರ್ಸುಗಳಿಗೆ ಹೇಳಿಕೊಟ್ಟವಳೇ ಅವಳು. ವಾರ್ಡಿನ ಬಾಗಿಲಲ್ಲಿ ನಿಂತು, ಯಾವ ಮಂಚದ ಗಾಯ ಕೆಟ್ಟಿದೆಯೆಂದು ವಾಸನೆಯಿಂದಲೇ ಹೇಳುತ್ತಿದ್ದವಳೂ ಅವಳೇ.

ಮೇಜು ಬಳಸಿ ಬಂದು ಮುದುಕನ ಕಾಲಬಳಿ ಕೂತಳು. ಪಟ್ಟಿ ಕಪ್ಪಾಗಿ, ಗಟ್ಟಿಯಾಗಿ, ಚರ್ಮದಂತೆ ಅಂಟಿತ್ತು. ಹೊರಗೆ ಉಳಿದ ಎರಡು ಬೆರಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಕತ್ತರಿ ಕೇಳಿದಳು. ಶಿವಯೋಗಿ ಹುಡುಕಾಡಿ, ಬೆಳಿಗ್ಗೆ ಅಂಗನವಾಡಿಯ ರಿಬ್ಬನ್ ಕತ್ತರಿಸಿದ ಕತ್ತರಿಯನ್ನು ತಂದ. ಅದರ ಹಿಡಿಗೆ ಇನ್ನೂ ಚೆಂಡುಹೂವಿನ ಎಸಳು ಅಂಟಿತ್ತು.

ಪಟ್ಟಿಯ ತುದಿಗೆ ಅಂಟಿಸಿದ ಪ್ಲಾಸ್ಟರಿನ ಮೇಲೆ ನೀಲಿ ಶಾಯಿಯ ತಾರೀಖು ಇತ್ತು. ಕಟ್ಟಿದ ದಿನ ಬರೆದು ಕೆಳಗೆ ಸಹಿ ಹಾಕುವುದು ಅವಳ ವಾರ್ಡಿನ ರೂಢಿ. ಎರಡನೆಯ ದಿನ ದಾಟಿತೆಂದರೆ ಪಾಳಿಯಲ್ಲಿದ್ದ ನರ್ಸನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದಳು. ಅವಳು ಬೆರಳಲ್ಲಿ ಎಣಿಸಿದಳು. ಹತ್ತೊಂಬತ್ತು. ಆ ಸಹಿಗೂ ಮೇಜಿನ ಮೇಲಿನ ಚೀಟಿಯ ಸಹಿಗೂ ಒಂದು ಗೆರೆಯ ವ್ಯತ್ಯಾಸವೂ ಇರಲಿಲ್ಲ.

ಪಟ್ಟಿ ಬಿಚ್ಚದೆಯೇ ಕತ್ತರಿ ಕೆಳಗಿಟ್ಟಳು. "ಗಾಡಿ ತಗಿಸು. ಇವರ್ನ ಗದಗಿಗೆ ನಾನ ಕರ್ಕೊಂಡ್ ಹೋಗ್ತೇನಿ."

"ಮೇಡಂ, ಮುಂಡರಗಿ ಸನ್ಮಾನ..." ಎಂದ ಶಿವಯೋಗಿ. ಅವಳ ಮುಖ ನೋಡಿ ಗಾಡಿ ತೆಗೆಸಲು ಓಡಿದ.

ಅಬ್ದುಲಗನಿಗೆ ಇದಾವುದೂ ತಿಳಿಯಲಿಲ್ಲ. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದ. ಒಳಗೆ ಹಿಂಜಿದ ಹೊಸ ಹತ್ತಿ, ಮೊಲದ ಮರಿಯಂತೆ ಬೆಳ್ಳಗಿತ್ತು. "ತರತೇನಿ ಅಂದಿದ್ನಲ್ಲ, ತಂದೇನಿ ತಗೋ," ಎಂದ. ಅವಳು ಎರಡೂ ಕೈಯಲ್ಲಿ ಪೊಟ್ಟಣ ತೆಗೆದುಕೊಂಡಳು, ತಲೆ ಎತ್ತಲಾಗಲಿಲ್ಲ. ಮುದುಕ ಮೇಜಿನ ಮೂಲೆಯಲ್ಲಿ ಸುರುಳಿ ಬಿಚ್ಚುತ್ತಿದ್ದ ಹೊಗೆಯತ್ತ ತಿರುಗಿ, ಖುಷಿಯಿಂದ ಉಸಿರೆಳೆದುಕೊಂಡ.

"ಭಾಳ ಚಲೋ ಘಮ ಐತವ್ವ. ನಾ ಬಂದೇನಂತ ಹಚ್ಚಿಸಿದಿ ಏನು?"