ಶೈಲಶ್ರೀಯ ನಗು

ಔಷಧದ ಕಿಣ್ವ ಬೆಳೆಯುವುದು ಅದನ್ನು ಕಂಡುಹಿಡಿದ ವಿಜ್ಞಾನಿಯ ಸ್ವಂತ ರಕ್ತದಲ್ಲಿ. ಹಾಗಾಗಿ ಔಷಧದ ಜೊತೆಗೆ ಆ ವಿಜ್ಞಾನಿಯ ಒಂದು ಚಾಳಿಯೂ ಅದನ್ನು ಪಡೆದ ಮಗುವಿಗೆ ಬಂದುಬಿಡುತ್ತದೆ. ಧಾರವಾಡದಲ್ಲಿ ಇದು ಯಾರಿಗೂ ಹೊಸದಲ್ಲ.

ಡಾ. ಮಂದಾಕಿನಿ ಹೆಬ್ಬಳ್ಳಿ ಮಾತ್ರ ಒಳಗೊಳಗೇ ಉರಿಯುತ್ತಿದ್ದರು. ಜೀವಕೋಶದ ಕಸ ಕರಗಿಸುವ ಲೈಸೊಸೋಮ್ ಕೆಟ್ಟು, ಕಸ ತುಂಬಿಕೊಂಡು ನವೆಯುವ ಮಕ್ಕಳಿಗಾಗಿ ಅವರು ಆಯುಷ್ಯವನ್ನೇ ಸವೆಸಿದ್ದರು. ಆದರೆ ಅವರ ಕಿಣ್ವ ಯಾವ ಮಗುವಿನ ಮೈಯಲ್ಲೂ ನಿಲ್ಲಲಿಲ್ಲ. ನಿಂತದ್ದು ಅವರ ಶಿಷ್ಯೆ ಶೈಲಶ್ರೀಯದು. ಈಗ ಆಸ್ಪತ್ರೆಯ ಮಕ್ಕಳೆಲ್ಲ ಅವಳಂತೆಯೇ ನಗುತ್ತವೆ: ಮೊದಲು ಕಿಲಕಿಲ, ಕೊನೆಗೆ ಮೂಗಿನಿಂದ ‘ಗೊರ್’ ಎಂದೊಂದು ಸದ್ದು.

ಮೊಮ್ಮಗಳು ತುಂಗೆಗೂ ಅದೇ ರೋಗ ಬಂದಾಗ ಮಗಳು ವಿಭಾ ಕೇಳಿದ್ದಳು, “ಅವ್ವಾ, ನಿನ್ ಕಿಣ್ವಾನ ಇನ್ನೊಮ್ಮೆ ಹಾಕಿ ನೋಡೋಣೇನ?”

ಆಸೆಯೇನೋ ಇತ್ತು. ಆದರೂ ಮಂದಾಕಿನಿ ಗೋಡೆ ನೋಡುತ್ತ, “ಬ್ಯಾಡ, ಅಕೀದ ಹಾಕಸು” ಎಂದಿದ್ದರು.

ಇವತ್ತು ತಪಾಸಣೆ. ಕೊರಡಿನಂತೆ ಮಲಗಿರುತ್ತಿದ್ದ ಕೂಸು ಅಜ್ಜಿಯ ತೊಡೆಯ ಮೇಲೆ ಕೂತಿತ್ತು. ಅಜ್ಜಿಯ ಕನ್ನಡಕ ಮೂಗಿನಿಂದ ಜಾರಿದ್ದೇ ತಡ, ಕಿಲಕಿಲ ನಕ್ಕಿತು. ಕೊನೆಗೆ ‘ಗೊರ್’.

“ಅವ್ವಾ, ನಕ್ಕಳ ನೋಡ!” ವಿಭಾ ಕಣ್ಣೊರೆಸಿಕೊಳ್ಳುತ್ತ ಶೈಲಶ್ರೀಯನ್ನು ಕರೆತರಲು ಓಡಿದಳು.

“ಥೂ, ಏನ್ ನಗಿ ಇದು! ಹಂದಿ ಗುರುಗುಟ್ಟಿದಂಗ,” ಮಂದಾಕಿನಿ ಗೊಣಗಿದರು.

ಬಾಗಿಲ ಕಡೆ ನೋಡಿದರು. ಯಾರೂ ಇನ್ನೂ ಬಂದಿರಲಿಲ್ಲ. ಕನ್ನಡಕವನ್ನು ಮೇಲೇರಿಸಿ, ಬೇಕೆಂದೇ ಮತ್ತೆ ಜಾರಿಸಿದರು.